ಕಬ್ಬಿನ ಎದುರಾಳಿಗಳು

ವಾಲಿಬಾಲಿನಲ್ಲಿ ಒಂದೇ ಒಂದು ಸಲ ದೇಶದ ಜೆರ್ಸಿ ತೊಟ್ಟವಳು ನಾನು. ಅದು ಇಪ್ಪತ್ತು ವರ್ಷದ ಹಿಂದಿನ ಮಾತು. ಈಗ ಕ್ಯಾತನಹಳ್ಳಿಯಲ್ಲಿ ಪಿ.ಟಿ. ಟೀಚರು. ಆದರೂ ನಮ್ಮ ದೇಶದ ಹೆಣ್ಣುಮಕ್ಕಳ ತಂಡ ಎಲ್ಲಿಗೇ ಆಡಲು ಹೊರಡಲಿ, ಕೆ.ಆರ್. ಪೇಟೆಯಿಂದ ಪಾಂಡವಪುರದ ತನಕ ಸಿಕ್ಕಿದವರೆಲ್ಲ ನನ್ನನ್ನೇ ನಿಲ್ಲಿಸಿಕೊಂಡು ಎದುರಾಳಿಗಳ ಜಾತಕ ಕೇಳುತ್ತಾರೆ. ನಾನೂ ಬಿಡುವವಳಲ್ಲ, ಹೇಳುತ್ತೇನೆ. ಹೇಳಿದ ಮೇಲೆ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ.

ಈ ಸಲ ವಿಷಯ ಮನೆಯದೇ ಆಗಿತ್ತು. ನನ್ನ ಹಳೆಯ ಶಿಷ್ಯೆ, ಇದೇ ಊರಿನ ಹುಡುಗಿ, ತಂಡಕ್ಕೆ ಆಯ್ಕೆಯಾಗಿದ್ದಳು. ಮೊದಲ ಪಂದ್ಯವೇ ಕಜಕಿಸ್ತಾನದ ಮೇಲೆ. ನಾನು ಆಡಿದ ಆ ಒಂದು ಪಂದ್ಯವೂ ಅವರ ಮೇಲೆಯೇ. ಮೂರು ಸಲ ಹೊಡೆದೆ. ನೆಟ್ಟಿನಾಚೆ ಎದ್ದ ಕೈಗಳ ಗೋಡೆಗೆ, ಅಂದರೆ ಬ್ಲಾಕಿಗೆ, ಬಡಿದು ಮೂರು ಸಲವೂ ಬಾಲು ನನ್ನ ಕಾಲಬುಡಕ್ಕೇ ಬಿತ್ತು. ಆಮೇಲೆ ನಾನು ಬಾಲು ಕೊಡಿ ಎಂದು ಕೇಳಲೇ ಇಲ್ಲ. ಸೋತದ್ದು ಮರೆತುಹೋಗಿದೆ, ಕೇಳದೆ ಹೋದದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ. ಇವಳಿಗೆ ಹಾಗಾಗಬಾರದು ಅನ್ನುವುದೊಂದೇ ನನ್ನ ಚಿಂತೆ.

ಬಸ್ಸಿನ ಅಳತೆ

ಪಾಂಡವಪುರದ ಬಸ್ಸಿನಲ್ಲಿ ಕಂಡಕ್ಟರು ಟಿಕೆಟ್ಟು ಹರಿಯುವುದನ್ನು ನಿಲ್ಲಿಸಿ ಕೇಳಿದ, "ಮೇಡಮ್ಮೋರೆ, ಆ ದೇಸದ ಹೆಣ್ಮಕ್ಳು ಎಷ್ಟುದ್ದ ಅವ್ರೆ?"

"ಆರಡಿ ಅಂದ್ರೆ ಅವರಲ್ಲಿ ಕುಳ್ಳಿ ಕಣಪ್ಪ. ಅವರ ಒಂಬತ್ತನೇ ನಂಬರಿನವಳು ಹಾರಿ ಕೈ ಎತ್ತಿದ್ರೆ ಈ ಕಡೆ ನಿಂತವರಿಗೆ ಬೆಳಕೇ ಬೀಳಲ್ಲ," ಎಂದೆ. ಹೇಳುತ್ತ ಹೇಳುತ್ತ ನನಗೇ ಮೈ ಜುಮ್ಮೆಂದಿತು.

ಆತ ಬಸ್ಸಿನ ಸೂರನ್ನು ಒಮ್ಮೆ ನೋಡಿದ, ತನ್ನ ತಲೆ ಮುಟ್ಟಿಕೊಂಡ, ಲೆಕ್ಕ ಹಾಕಿದ. "ಅಂಗಾದ್ರೆ ಒಂದ್ ಕೆಲ್ಸ ಮಾಡಿ. ಮ್ಯಾಚಿಗ್ ಒಂದಿನ ಮುಂಚೆ ಅವರ್ನ ನಮ್ ಬಸ್ಸಿಗತ್ತಿಸ್ಬುಡಿ, ಸೀಟ್ ಕೊಡಬ್ಯಾಡಿ. ಪೇಟೆಯಿಂದ ಪಾಂಡವಪುರದ್ ಗಂಟ ಬಗ್ಗಿ ನಿಂತ್ಕಂಡ್ ಬಂದ್ರೆ ನೆಟ್ಟಗೆ ನಿಲ್ಲಕ್ಕೇ ಎಲ್ಡ್ ದಿನ ಬೇಕು!"

ಅಜ್ಜಿಗೆ ಬೇಕಾದ ಸೊಸೆ

ಹುಡುಗಿಯ ಮನೆಗೆ ಹೋಗಿ ಫೋನಿನಲ್ಲಿ ಮುಂದಿನ ಪಂದ್ಯದ ಎದುರಾಳಿಗಳಾದ ಜಪಾನಿನವರ ಆಟ ತೋರಿಸಿದೆ. ಅವರದು ಇನ್ನೊಂದು ಬಗೆಯ ಮಾಯೆ. ಎತ್ತರವಿಲ್ಲ, ಆದರೆ ಬಾಲು ನೆಲ ಮುಟ್ಟುವುದಿಲ್ಲ. ಒಬ್ಬಳು ಉರುಳಿ ಎತ್ತುತ್ತಾಳೆ, ಇನ್ನೊಬ್ಬಳು ಬೋರಲು ಬಿದ್ದು ಬಾಲಿನಡಿಗೆ ಅಂಗೈ ಕೊಡುತ್ತಾಳೆ. ಎಷ್ಟು ಸಲ ನೋಡಿದರೂ ನನ್ನ ಬಾಯಿ ತೆರೆದೇ ಇರುತ್ತದೆ.

ಅವಳ ಅಜ್ಜಿ ಕನ್ನಡಕ ಏರಿಸಿ ನೋಡಿದರು. ಹಾಲಿನ ಕ್ಯಾನು ತೊಳೆಯುತ್ತಿದ್ದ ಸೊಸೆಗೆ ಕೇಳುವ ಹಾಗೆ ನಿಟ್ಟುಸಿರುಬಿಟ್ಟರು. "ನೋಡವ್ವ ಟೀಚರಮ್ಮ, ಒಂದನ್ನಾದ್ರೂವೆ ಕೆಳಗ್ ಬೀಳಿಸ್ತಾವ್ರಾ? ನಮ್ಮನೇಲಿ ದಿನಕ್ಕೊಂದ್ ಲೋಟ ಹಾಲು ನೆಲಕ್ಕೇ ನೈವೇದ್ಯ. ಇಂತಾ ಸೊಸೆ ಸಿಗಕ್ಕೆ ಪುಣ್ಯ ಮಾಡಿರ್ಬೇಕು."

ಸೊಸೆ ತಲೆ ಎತ್ತಲಿಲ್ಲ. "ಅತ್ತೆ, ಸರಿಯಾಗ್ ಎಣಿಸಿ. ಅಲ್ಲಿ ಆರ್ ಜನ ಅವ್ರೆ. ಇಲ್ಲಿ ನಾನೊಬ್ಳೇ."

ಗೋಡೆ ತಿಂದ ಹಸು

ಹುಡುಗಿ ತಂಡದ ಕ್ಯಾಂಪಿಗೆ ಹೋಗಲು ಇಪ್ಪತ್ತು ದಿನವಿತ್ತು. ಕಜಕಿಸ್ತಾನದವರ ಆ ಎತ್ತರದ ಕೈಗಳನ್ನು ಕ್ಯಾತನಹಳ್ಳಿಯಲ್ಲಿ ಎಲ್ಲಿಂದ ತರುವುದು? ಇದ್ದದ್ದು ಕಬ್ಬು. ಮರಗೆಲಸದ ಆಚಾರ್ರನ್ನು ಕರೆದು, "ನೆಟ್ಟಿನ ಮೇಲಕ್ಕೆ ಎರಡೂವರೆ ಅಡಿ ಬರೋ ಹಂಗೆ ಜಲ್ಲೆ ಕುಯ್ದು ಸಾಲಾಗಿ ಕಟ್ಟಿಕೊಡಿ," ಎಂದೆ. ಕಟ್ಟಿದರು. ನೋಡಿದ್ದೇ ತಡ, "ಇವರೇ! ಇವರೇ!" ಎಂದು ಕೈ ಮುಗಿದುಬಿಟ್ಟೆ. ನಡುವಿನ ಜಲ್ಲೆಗೆ ಒಂಬತ್ತನೇ ನಂಬರನ್ನೂ ಅಂಟಿಸಿದೆ.

ಹುಡುಗಿ ಎರಡು ದಿನ ಹೊಡೆದಳು. ಹೊಡೆದದ್ದೆಲ್ಲ ವಾಪಸು. "ಇಷ್ಟುದ್ದ ಇದ್ರೆ ಎಲ್ಲಿಗೆ ಒಡೀಲಿ ಮೇಡಂ?"

"ಇಷ್ಟೇ ಇರ್ತಾರೆ ಕಣೆ. ನಾನು ಕಣ್ಣಾರೆ ಕಂಡಿದ್ದೀನಿ."

ಮೂರನೇ ದಿನ ಅವಳು ಬಾಲು ಕೇಳುವುದನ್ನು ನಿಲ್ಲಿಸಿದಳು. ನನ್ನ ಹೆದರಿಕೆಯನ್ನು ನಾನೇ ಇವಳಿಗೆ ದಾಟಿಸಿಬಿಟ್ಟೆನಲ್ಲ ಅನ್ನಿಸಿ ಆ ದಿನ ಊಟವೂ ಸೇರಲಿಲ್ಲ.

ಮರುದಿನ ಬೆಳಿಗ್ಗೆ ಫೀಲ್ಡಿಗೆ ಬಂದರೆ ಕಜಕಿಸ್ತಾನ ಅರ್ಧ ಇಲ್ಲ. ಹುಡುಗಿಯ ಅಪ್ಪನ ಸೀಮೆಹಸು ಹಗ್ಗ ಬಿಚ್ಚಿಕೊಂಡು ಬಂದು ನೆಟ್ಟಿನ ಪಕ್ಕ ನಿಂತಿತ್ತು. ಬಾಯಂಚಿನಲ್ಲಿ ಒಂಬತ್ತನೇ ನಂಬರಿನ ಚೀಟಿ. ಹುಡುಗಿ ನೆಲದ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಚಾರ್ರು ಅದೇ ಅಳತೆಗೆ ಹೊಸ ಜಲ್ಲೆ ಕಟ್ಟಿದರು. ಇವಳು, "ಮೇಡಂ, ಬಾಲು!" ಎಂದು ಕೂಗಿ, ಅಂಚಿಗೆ ಸವರಿ, ಮೇಲಿಂದ ಮೆತ್ತಗೆ ತಟ್ಟಿ, ಸಂದಿಯಲ್ಲಿ ತೂರಿಸಿ ಆಡತೊಡಗಿದಳು. ನಾನು ಇಪ್ಪತ್ತು ವರ್ಷ ಹೆದರಿದ್ದನ್ನು ಆ ಹಸು ಒಂದೇ ಬೆಳಿಗ್ಗೆ ಮೆಲುಕುಹಾಕಿ ಮುಗಿಸಿತ್ತು.

ಒಂದು ಗೇಣು

ಪಂದ್ಯ ಮುಗಿದ ಸಂಜೆ ಅವಳ ಫೋನು ಬಂತು. ಆಚಾರ್ರೂ ನನ್ನ ಜೊತೆಗೇ ಕೂತಿದ್ದರು.

"ಸೋತ್ವಿ ಮೇಡಂ. ಆದ್ರೆ ಒಂದ್ ಸೆಟ್ಟು ತಗಂಡ್ವಿ."

"ಬ್ಲಾಕು?"

"ನಾನ್ ಒಡೆದ್ ಮೊದಲ್ನೇದೇ ಬಡುದ್ರು. ನನ್ ಕಾಲ್ ಬುಡಕ್ಕೇ ಬಿತ್ತು."

"ಆಮೇಲೆ?"

"ಆಮೇಲೇನ್ ಮೇಡಂ, ಇನ್ನೊಂದ್ ಬಾಲ್ ಕೇಳ್ದೆ."

ನನಗೆ ಅಳು ಬಂತು. ನಾಚಿಕೆಪಡದೆ ಅತ್ತೆ. ಅವಳು ಆ ಕಡೆಯಿಂದ ಮುಂದುವರಿಸಿದಳು, "ಒಂದ್ ಮಾತು. ಅವ್ರು ಉದ್ದವೇನೋ ಸರಿ, ಆದ್ರೆ ನಮ್ ಕಬ್ಬಿಗಿಂತ ಒಂದ್ ಗೇಣು ಗಿಡ್ಡ."

ನಾನು ಟೇಪು ಹಿಡಿದು ಫೀಲ್ಡಿಗೆ ಓಡಿದೆ. ಅಳೆದೆ. ನಾನು ಹೇಳಿದ ಎರಡೂವರೆ ಅಡಿಗಿಂತ ಸರಿಯಾಗಿ ಒಂದು ಗೇಣು ಹೆಚ್ಚು. ಹಿಂದೆಯೇ ನಡೆದು ಬಂದ ಆಚಾರ್ರ ಕಡೆ ತಿರುಗಿದೆ. "ಇದೇನ್ರೀ ಇದು?"

"ನಾನ್ ಯಾವತ್ತೂ ಒಂದ್ ಗೇಣು ಎಚ್ಗೇನೇ ಬುಡೋದು ಟೀಚರವ್ವ," ಎಂದರು ತಣ್ಣಗೆ. "ಬಾಗ್ಲಾಗ್ಲಿ ಕಿಟಕಿಯಾಗ್ಲಿ, ಎಚ್ಚಾದ್ರೆ ಕುಯ್ಬೌದು, ಕಮ್ಮಿಯಾದ್ರೆ ಅಂಟಿಸಕ್ಕಾಯ್ತದಾ?"

"ಸರಿ, ಮತ್ತೆ ಕುಯ್ಯಲಿಲ್ಲ ಯಾಕೆ?"

"ಎಂಗ್ ಕುಯ್ಲಿ? ಮಚ್ ಕೈಗ್ ತಗಂಡೆ, ಅಷ್ಟರಲ್ಲಿ ನೀವು 'ಇವರೇ ಇವರೇ' ಅಂತ ಕೈ ಮುಗುದ್ಬುಟ್ರಿ!"