ಮುಟ್ಟಿ ನೋಡಿ ತಂದ ಸೀರೆ

ಸೀರೆ ತರಲು ಕಲಬುರಗಿಗೆ ಹೊರಟ ಗೋಪಾಲನನ್ನು ಹೆಂಡತಿ ಶುಭದಾ ಬಾಗಿಲಲ್ಲೇ ತಡೆದಳು.

"ಹದಿನೈದು ದಿನದ ಹಿಂದ ಮೊಬೈಲ್‌ನ್ಯಾಗ ಒತ್ತಿದ್ರ ಮುಗೀತಿತ್ತು. ಇವತ್ತೇ ಅಣ್ಣ-ತಂಗಿ ಹಬ್ಬ, ಭಾವುಬೀಜ. ಸಂಜೀಕ ನಿಮ್ಮ ತಂಗಿ ಆರತಿ ಎತ್ತಾಕ ಬರ್ತಾಳ. ತಟ್ಟ್ಯಾಗ ಏನ್ ಹಾಕ್ತೀರಿ, ಬಸ್ ಟಿಕೀಟಾ?"

"ಹೋದ ವರ್ಷ ನೀ ಒತ್ತಿದ್ಯಲ್ಲ, ಏನಾತು?" ಗೋಪಾಲ ಸಿಡಿದ. "ಕೊಟ್ಟಾಂವ ನಾನು. ಸೀರಿ ಹೆಂಗಿತ್ತಂತ ನನಗ ಗೊತ್ತಿಲ್ಲ!"

ಅದು ನಿಜ. ಹೋದ ವರ್ಷ ತಂಗಿ ಸಕ್ಕೂಬಾಯಿ ಕಮಲಾಪುರಕ್ಕೆ ಬಂದಿರಲಿಲ್ಲ. ಶುಭದಾ ಆರ್ಡರ್ ಮಾಡಿದ ಸೀರೆ ನೇರವಾಗಿ ಕೋಟನೂರಿನ ತಂಗಿಯ ಮನೆಗೇ ಹೋಗಿತ್ತು. ಅವಳು ಅದಕ್ಕೆ 'ಕುದಿಸಿದ ಬದನೆಕಾಯಿ' ಎಂದು ಹೆಸರಿಟ್ಟಳು. ಆಮೇಲೆ ಬಂದ ಒಂದು ಮದುವೆ, ಎರಡು ಮುಂಜಿವೆ, ಒಂದು ತಿಥಿ, ಎಲ್ಲ ಕಡೆ ನೆಂಟರ ಮುಂದೆ ಅದೇ ಮಾತು. ತಿಥಿಯಲ್ಲಿ ಭಟ್ಟರೂ ನಕ್ಕಿದ್ದರು. ಈ ಸಲ ಆ ಹೆಸರು ಅಳಿಸದಿದ್ದರೆ ತಾನು ಅಣ್ಣನೇ ಅಲ್ಲ ಎಂದು ಗೋಪಾಲ ಓಣಿಗೆಲ್ಲ ಕೇಳುವಂತೆ ಶಪಥ ಮಾಡಿದ್ದ.

ಓಣಿ ಅದನ್ನು ಚೆನ್ನಾಗಿಯೇ ಕೇಳಿಸಿಕೊಂಡಿತ್ತು. ಎದುರು ಮನೆಯ ಗುಂಡಮ್ಮ ಬಟ್ಟೆಯ ಚೂರು ಹಿಡಿದು ನಿಂತಿದ್ದಳು. "ಹೆಂಗೂ ಹೊಂಟೀರಿ, ಇದಕ್ಕ ಮ್ಯಾಚಿಂಗ್ ಫಾಲ್ ತರ್ರಿ."

ಪಕ್ಕದ ಮನೆಯ ಹಲೀಮಾ ಕುಕ್ಕರಿನ ಮುಚ್ಚಳವನ್ನೇ ಅವನ ಕೈಗಿಟ್ಟಳು. "ಹೆಂಗೂ ಹೊಂಟೀರಿ ಭಯ್ಯಾ, ಇದರ ರಬ್ಬರ್ ಬೇಕ್ರಿ."

"ಇವೆಲ್ಲಾ ಮೊಬೈಲ್‌ನ್ಯಾಗ ಸಿಗ್ತಾವಲ್ಲ!"

"ಮುಟ್ಟಿ ನೋಡಿ ತರಬೇಕಂತ ನೀವೇ ಹೇಳ್ತೀರಲ್ರಿ."

ಮುಚ್ಚಳವನ್ನು ಎದೆಗೊತ್ತಿಕೊಂಡು ಬಸ್ಸಿನಲ್ಲಿ ನಿಂತ ಗೋಪಾಲ, ಗುರಾಣಿ ಇದ್ದು ಕತ್ತಿ ಮರೆತ ಸಿಪಾಯಿಯಂತಿದ್ದ. ಫಾಲು, ರಬ್ಬರು ಸಿಗುವಷ್ಟರಲ್ಲಿ ಮಧ್ಯಾಹ್ನ ಎರಡಾಯಿತು.

ಮೊದಲ ಅಂಗಡಿಯವನು ತಲೆಯೆತ್ತದೆ, "ಫೋಟೋ ತೋರಸ್ರಿ" ಎಂದ.

"ಯಾವ ಫೋಟೋ?"

"ಮೊಬೈಲ್‌ನ್ಯಾಗ ನೋಡ್ಕೊಂಡು ಬಂದಿರ್ತೀರಲ್ರಿ. ಅಂಥಾದ್ದೇ ತಗೀತೀನಿ."

ಎರಡನೆಯ ಅಂಗಡಿಯಲ್ಲಿ ಸೀರೆಗೆ ಕೈ ಹಾಕಿದರೆ, "ಕವರ್ ಬಿಚ್ಚಬ್ಯಾಡ್ರಿ, ಹೊಲಸಾಗ್ತದ" ಎಂದರು.

"ಮತ್ತ ಅಂಗಡಿ ಯಾಕ ಇಟ್ಟೀರಿ? ನೀವೂ ಮೊಬೈಲ್ ಒಳಗ ಹೋಗಿ ಕೂಡ್ರಿ!" ಗೋಪಾಲ ಬೀದಿಗೆ ಬಂದು ಕೂಗಿದ. ನಾಲ್ಕು ಜನ ಕೂಡಿದರು. ಒಬ್ಬ ಮುಚ್ಚಳ ನೋಡಿ ಕನಿಕರದಿಂದ, "ಕುಕ್ಕರ್ ರಿಪೇರಿ ಹಿಂದಿನ ಓಣ್ಯಾಗ ಅದರಿ" ಎಂದ.

ಆ ಹಿಂದಿನ ಓಣಿಯಲ್ಲೇ ಮೂರನೆಯ ಅಂಗಡಿ ಸಿಕ್ಕಿತು. ಫೋಟೋ ಕೇಳಲಿಲ್ಲ, ಕವರೂ ಇರಲಿಲ್ಲ. ಇಪ್ಪತ್ತೆರಡು ಸೀರೆಗಳನ್ನು ಹಿಸುಕಿ, ಮೂಸಿ, ಬಿಸಿಲಿಗೊಯ್ದು ನೋಡಿ ಗೋಪಾಲ ಇಪ್ಪತ್ಮೂರನೆಯದನ್ನು ಹಿಡಿದುಕೊಂಡ. ನೇರಳೆ ಹಣ್ಣಿನ ಬಣ್ಣ. ಸೆರಗಿಗೆ ಸಾಲಾಗಿ ಗೊಂಡೆ, ಗೊಂಡೆಗೊಂದು ಹಸಿರು ಮಣಿ.

"ಕೈಯಿಂದ ಕಟ್ಟಿದ್ದರೀ," ಅಂಗಡಿಯವನು ಹೇಳಿದ. "ಇಡೀ ಕಲಬುರಗ್ಯಾಗ ಇಂಥಾದ್ದು ಇನ್ನೊಂದು ಸಿಕ್ರ ಹೇಳ್ರಿ."

"ಮೊಬೈಲ್‌ನ್ಯಾಗ ಸಿಗ್ತದೇನು ಇದು?"

ಅಂಗಡಿಯವನು ಬೇಗಬೇಗ ಸೀರೆ ಮಡಚಿದ.

ಸಂಜೆ ಆರತಿಗೆ ಗುಂಡಮ್ಮ, ಹಲೀಮಾ ಇಬ್ಬರೂ ತಮ್ಮ ಸಾಮಾನಿನ ನೆಪದಲ್ಲಿ ಬಂದು ಕೂತರು. ಗೋಪಾಲ ಸೀರೆಯನ್ನು ತಟ್ಟೆಗಿಟ್ಟು, "ಇಪ್ಪತ್ತೆರಡು ಬಿಟ್ಟು ಆರಿಸೀನಿ. ಈಗ ಹೇಳು ಬದನೀಕಾಯಿ ಅಂತ!" ಎಂದ.

ಸಕ್ಕೂಬಾಯಿ ಸೀರೆ ಬಿಡಿಸಿದಳು. ಗೊಂಡೆಗಳ ಮೇಲೆ ಬೆರಳಾಡಿಸುತ್ತ ಹೋಗಿ ಕೊನೆಯದರಲ್ಲಿ ನಿಂತಳು. ಅದಕ್ಕೆ ಮಾತ್ರ ಕೆಂಪು ಮಣಿ.

"ದಾದಾ, ಹಸರ ಮಣಿ ಒಂದು ಕಮ್ಮಿ ಬಿದ್ದಿತ್ತು. ನನ್ನ ಹಳೇ ಸರದ್ದು ಕಿತ್ತು ಹಾಕಿದ್ದೆ."

"ಯಾವುದಕ್ಕ?"

"ಇದಕ್ಕ. ಹೋದ ವರ್ಷ ನೀ ಕಳಿಸಿದ್ದ ಸೀರಿ ಇದು. ಗೊಂಡೆ ಕಟ್ಟಿದ್ರೂ ಉಡೂ ಹಂಗ ಆಗ್ಲಿಲ್ಲ. ಒಮ್ಮೀನೂ ಉಡದ, ಕಲಬುರಗಿ ಅಂಗಡ್ಯಾಗ ಕೊಟ್ಟು ಬದಲೀಗೆ ಎರಡು ನೈಟಿ ತಗೊಂಡೆ."

ಶುಭದಾ ಮೊಬೈಲಿನಲ್ಲಿ ಹಳೆಯ ಆರ್ಡರ್ ಹುಡುಕಿ ತೆಗೆದಳು. ಫೋಟೋ ನೋಡಿದಳು, ಸೀರೆ ನೋಡಿದಳು. "ಬರೋಬರ್ ಅದೇರೀ. ಆಗ ಮನೀಗೇ ತಂದು ಕೊಟ್ಟಿದ್ರು."

"ಮೋಸ! ಹಗಲು ದರೋಡಿ!" ಗೋಪಾಲ ಎದ್ದು ನಿಂತ.

"ಸಿಟ್ಟಾಗಬ್ಯಾಡ ದಾದಾ," ಸಕ್ಕೂಬಾಯಿ ಸೀರೆಯನ್ನು ಮಡಚಿ ಅವನ ಕೈಗಿಟ್ಟಳು. "ನಾಳೆ ಒಯ್ದು ಕೊಡು. ಇನ್ನೆರಡು ನೈಟಿ ಕೊಡ್ತಾನ."

ಹಲೀಮಾ ಅದರ ಮೇಲೆ ಮುಚ್ಚಳ ಇಟ್ಟಳು.

"ಹೆಂಗೂ ಹೊಂಟೀರಿ ಭಯ್ಯಾ, ಈ ರಬ್ಬರ್ ಸಡಲ ಅದ."