ದಿನಾ ಬೆಳಿಗ್ಗೆ ಎಲ್ಲ ಮರೆಯುವ ಕಾರು

ಹುದಿಕೇರಿಯಲ್ಲಿ ಕಾರುಗಳ ವಯರಿಂಗ್ ಕೆಲಸ ಮಾಡಿಕೊಂಡು ಬದುಕುವವನು ನಾನು. ಕಾರಿನೊಳಗೆ ಕಂಪ್ಯೂಟರ್ ಬಂದ ಮೇಲೆ ಕೆಲಸ ಸುಲಭವಾಗುತ್ತದೆ ಅಂದುಕೊಂಡಿದ್ದೆ. ಕಾರಿನದ್ದೇನೋ ಸುಲಭವಾಯಿತು. ಕಾರಿನ ಜೊತೆ ಬರುವವರದ್ದು ಮಾತ್ರ ವಾರಕ್ಕೊಂದು ಹೊಸ ಕಥೆ.

೧. ಅಳಿಸುವ ಮೊದಲು

ಮಡಿಕೇರಿಯ ಒಬ್ಬ ಮ್ಯಾನೇಜರ್ ಹೆಂಡತಿಯ ಜೊತೆ ಬಂದರು. ಎಂಜಿನ್ ಲೈಟು ಉರಿಯುತ್ತಿತ್ತು. ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಸಿಕ್ಕಿಸಿ ನೋಡಿದರೆ ಒಂದು ವಯರು ಸಡಿಲ, ಅಷ್ಟೇ. ಸರಿಮಾಡಿ, "ಮೆಮೊರಿಯಲ್ಲಿ ಹಳೇದೆಲ್ಲ ಉಳಿದಿರ್ತದೆ ಸಾರ್, ಅಳಿಸಿಬಿಡ್ತೇನೆ" ಎಂದೆ.

ಸಾಹೇಬರ ಮುಖ ಬಿಳುಚಿಕೊಂಡಿತು. "ಕಾರು ಎಲ್ಲೆಲ್ಲಿ ಹೋಗಿತ್ತು ಅಂತಾನೂ ಇರ್ತದಾ?"

ಇರುವುದಿಲ್ಲ ಎಂದು ಹೇಳಬಹುದಿತ್ತು. ಆದರೆ ನನಗೂ ಸ್ವಲ್ಪ ಜಂಬ ಬೇಕಲ್ಲ. "ಕಂಪ್ಯೂಟರ್ ಅಲ್ವ ಸಾರ್" ಎಂದೆ.

"ಹಾಗಾದ್ರೆ ಬೇಗ ಅಳಿಸಿ ಮಾರಾಯ್ರೆ."

ಅಷ್ಟರಲ್ಲಿ ಅವರ ಹೆಂಡತಿ ಕಾರಿನಿಂದ ಇಳಿದು ಬಂದು ನನ್ನ ಪಕ್ಕದಲ್ಲೇ ನಿಂತರು. "ಅವಸರ ಎಂತದು? ಅಳಿಸುವ ಮೊದಲು ನನಗೊಮ್ಮೆ ಓದಿ ಹೇಳಿ."

೨. ಬುದ್ಧಿಗೂ ಪೂಜೆ

ಆಯುಧಪೂಜೆಯ ಮಾರನೇ ದಿನ ಭಾಗಮಂಡಲ ಕಡೆಯ ರೈತರೊಬ್ಬರ ಪಿಕಪ್ ಬಂತು. ಎಷ್ಟು ಸಲ ಸ್ಕ್ಯಾನರ್ ಸಿಕ್ಕಿಸಿದರೂ ಗಾಡಿ ಉತ್ತರ ಕೊಡಲಿಲ್ಲ. ಟಾರ್ಚ್ ಬಿಟ್ಟು ನೋಡಿದೆ. ಸಾಕೆಟ್ಟಿನ ತುಂಬ ಗಂಧ, ಕುಂಕುಮ, ಮೇಲೆ ನಾಲ್ಕು ಕಾಳು ಅಕ್ಷತೆ.

"ಇದೆಂತ ಅಣ್ಣ?"

"ಗಾಡಿಯ ಬುದ್ಧಿ ಎಲ್ಲ ಇಲ್ಲೇ ಸಿಕ್ಕುದು ಅಂತ ಹೋದ ಸಲ ನೀವೇ ಹೇಳಿದ್ದು. ಚಕ್ರಕ್ಕೆಲ್ಲ ನಿಂಬೆಹಣ್ಣು ಇಟ್ಟು ಬುದ್ಧಿಗೆ ಎಂತದೂ ಮಾಡದೆ ಇರುದು ಹೇಗೆ?"

ಸೊಂಟ ಬಗ್ಗಿಸಿ ಬ್ರಶ್ಶಿನಲ್ಲಿ ಒಂದು ಗಂಟೆ ಉಜ್ಜಿದೆ. ಕೊನೆಗೆ ಗಾಡಿ ಮಾತಾಡಿತು, ದೋಷ ಸಿಕ್ಕಿತು, ಲೈಟು ಆರಿತು. ನಾನು ಬೆವರು ಒರೆಸಿಕೊಳ್ಳುತ್ತಿದ್ದರೆ ಅವರು ಗಾಡಿಗೆ ಕೈಮುಗಿದು ಹೇಳಿದರು: "ನೋಡಿ, ಪೂಜೆ ಮಾಡಿದ್ದಕ್ಕೆ ಎಷ್ಟು ಬೇಗ ಸರಿಹೋಯ್ತು."

೩. ಏಳು ಗಂಟೆಯ ರೋಗ

ಇದು ನನ್ನ ಮಾನದ ಪ್ರಶ್ನೆಯಾಗಿತ್ತು. ಒಂದು ಕಾಫಿ ಎಸ್ಟೇಟಿನ ಸಾಹುಕಾರರ ಕಾರು ಬ್ರೇಕ್ ಒತ್ತಿದಲ್ಲೆಲ್ಲ ಆಫ್ ಆಗುತ್ತಿತ್ತು. ರೇಡಿಯೋದಲ್ಲಿ ಇಟ್ಟ ಸ್ಟೇಷನ್ ಒಂದೂ ಉಳಿಯುತ್ತಿರಲಿಲ್ಲ, ಗಡಿಯಾರ ಬಾಯಿಗೆ ಬಂದ ಸಮಯ ಹೇಳುತ್ತಿತ್ತು. ಶೋರೂಮಿನವರು, "ಕಂಪ್ಯೂಟರಿನ ಮೆಮೊರಿ ಹೋಗಿದೆ, ಹೊಸದು ಬರಲಿಕ್ಕೆ ಒಂದು ತಿಂಗಳು ಬೇಕು" ಎಂದಿದ್ದರು. ಭಾನುವಾರವೇ ಸಾಹುಕಾರರ ಮಗಳ ಮದುವೆ. ಮದುಮಗಳು ಹೋಗಬೇಕಾದದ್ದು ಅದೇ ಕಾರಿನಲ್ಲಿ.

ಅಂಗಡಿ ಮುಂದೆ ನಾಲ್ಕು ಜನ ಸೇರಿದ್ದರು. ನನ್ನ ನಾಲಗೆ ಸುಮ್ಮನಿರಬೇಕಲ್ಲ. "ಕಂಪ್ಯೂಟರ್ ಬದಲಿಸುದು ಬೇಡ ಸಾರ್. ಶನಿವಾರದ ಒಳಗೆ ಸರಿಮಾಡದಿದ್ರೆ ನನ್ನ ಅಂಗಡಿ ಬೋರ್ಡು ಇಳಿಸ್ತೇನೆ" ಎಂದುಬಿಟ್ಟೆ.

ಬುಧವಾರ ಸ್ಕ್ಯಾನ್ ಮಾಡಿದೆ. ಕಂಪ್ಯೂಟರ್ ಗಟ್ಟಿಯಾಗಿಯೇ ಇತ್ತು, ಒಳಗೆ ಕಲಿತದ್ದು ಮಾತ್ರ ತೊಳೆದ ಸ್ಲೇಟು. ಕಾರು ನಿಂತಾಗ ಎಂಜಿನ್ ಆಫ್ ಆಗದೆ ಎಷ್ಟು ನಿಧಾನಕ್ಕೆ ಓಡಬೇಕು ಎನ್ನುವುದನ್ನು ಮೊದಲಿನಿಂದ ಕಲಿಸಿ ಕಳಿಸಿದೆ. ಗುರುವಾರ ಕಾರು ಎಲ್ಲ ಮರೆತು ವಾಪಸ್ ಬಂತು. ಮತ್ತೆ ಕಲಿಸಿದೆ. ಶುಕ್ರವಾರ ಮತ್ತೆ ಬಂತು. ಆ ನಾಲ್ಕು ಜನರೂ ತಪ್ಪದೆ ಬಂದು ಬೋರ್ಡು ನೋಡಿಕೊಂಡು ಹೋಗುತ್ತಿದ್ದರು. ನನಗೆ ಊಟ ಸೇರಲಿಲ್ಲ.

ಆಗ ಕಣ್ಣಿಗೆ ಬಿದ್ದದ್ದು ಗಡಿಯಾರ. ಬ್ಯಾಟರಿ ಬಿಚ್ಚಿ ಹಾಕಿದರೆ ಆ ಗಡಿಯಾರ ಹನ್ನೆರಡರಿಂದ ಹೊಸದಾಗಿ ಶುರು. ಗುರುವಾರ ಕಾರು ಹತ್ತು ಗಂಟೆಗೆ ಬಂದಾಗ ಅದು ಮೂರು ತೋರಿಸಿತ್ತು. ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಬಂದಾಗ ಐದು. ಬೆರಳು ಮಡಚಿ ಹಿಂದಕ್ಕೆ ಎಣಿಸಿದೆ. ಎರಡು ದಿನವೂ ಲೆಕ್ಕ ಬಂದು ನಿಂತದ್ದು ಬೆಳಿಗ್ಗೆ ಏಳಕ್ಕೆ.

"ಸಾರ್, ದಿನಾ ಬೆಳಿಗ್ಗೆ ಏಳಕ್ಕೆ ಯಾರೋ ನಿಮ್ಮ ಕಾರಿಗೆ ಬ್ಯಾಟರಿ ಹಾಕ್ತಾರೆ" ಎಂದೆ.

"ಹುಚ್ಚಾ ನಿನಗೆ?" ಎಂದರು ಸಾಹುಕಾರರು.

ಶನಿವಾರ ಏಳಕ್ಕೆ ಮುಂಚೆಯೇ ಇಬ್ಬರೂ ಅವರ ಕಾರ್ ಶೆಡ್ಡಿನ ಪಕ್ಕದಲ್ಲಿ ನಿಂತೆವು. ಸರಿಯಾಗಿ ಏಳಕ್ಕೆ, ತೋಟದ ಲೆಕ್ಕಪತ್ರ ನೋಡುವ ರೈಟರ್, ಇಪ್ಪತ್ತು ವರ್ಷದಿಂದ ಜೊತೆಗಿರುವ ನಂಬಿಗಸ್ತ, ಹೆಗಲ ಮೇಲೆ ಕಾರಿನ ಬ್ಯಾಟರಿ ಹೊತ್ತುಕೊಂಡು ಬೇಲಿಯ ಕಡೆಯಿಂದ ಬಂದರು. ನಮ್ಮನ್ನು ನೋಡಿ ಅದನ್ನು ಕೆಳಗಿಡುವುದನ್ನೂ ಮರೆತರು.

"ಎಂತ ಮಾಡುದು ಸಾರ್. ಎರಡು ವಾರದಿಂದ ಬಿಸಿಲಿಲ್ಲ, ಸೋಲಾರ್ ಬೇಲಿಯ ಬ್ಯಾಟರಿ ಸತ್ತಿದೆ. ಹಲಸಿನ ಹಣ್ಣಿಗೆ ಆನೆ ಬರ್ತಾ ಉಂಟು. ನಿಮಗೆ ಮದುವೆ ಗಡಿಬಿಡಿ. ಸಂಜೆ ಕಾರು ಸುಮ್ಮನೆ ನಿಂತಿರ್ತದಲ್ಲ ಅಂತ ಬೇಲಿಗೆ ಹಾಕಿ, ಬೆಳಿಗ್ಗೆ ವಾಪಸ್ ತಂದಿಡ್ತಿದ್ದೆ."

ನನಗೆ ಕುಣಿಯುವಷ್ಟು ಖುಷಿ. ಬೇಲಿಗೆ ನನ್ನ ಅಂಗಡಿಯ ಬೇರೆ ಬ್ಯಾಟರಿ ಕೊಟ್ಟು, ಕಾರಿಗೆ ಕೊನೆಯ ಸಲ ಪಾಠ ಹೇಳಿದೆ. ಭಾನುವಾರ ಮದುಮಗಳು ಹತ್ತಿದಳು, ಒಂದು ಕಡೆಯೂ ಎಂಜಿನ್ ನಿಲ್ಲಲಿಲ್ಲ. ಊಟದ ಪಂಕ್ತಿಯಲ್ಲಿ ಸಾಹುಕಾರರು ನನ್ನನ್ನು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡು, ಬಂದವರಿಗೆಲ್ಲ, "ಶೋರೂಮಿಗೆ ಆಗದ್ದನ್ನು ಇವ ಗಡಿಯಾರ ನೋಡಿ ಹಿಡಿದ" ಎಂದು ಹೇಳಿದರು. ಆ ನಾಲ್ಕು ಜನ ಎದುರು ಸಾಲಿನಲ್ಲೇ ಇದ್ದರು. ಅಷ್ಟು ರುಚಿಯ ಊಟ ನಾನು ಮತ್ತೆ ಮಾಡಿಲ್ಲ.

ಅನ್ನದ ಪಾತ್ರೆ ಹಿಡಿದು ಬಂದ ರೈಟರನ್ನು ಸಾಹುಕಾರರು ಕೆಣಕಿದರು. "ನಿನ್ನ ದೆಸೆಯಿಂದ ಕಾರಿಗೆ ದಿನಾ ಮರೆವು ಬಂತಲ್ಲ ಮಾರಾಯ."

ರೈಟರ್ ನನಗೆ ಇನ್ನೊಂದು ಸೌಟು ಬಡಿಸಿ ಹೇಳಿದರು: "ಕಾರಿನದ್ದು ಬಿಡಿ ಸಾರ್, ಅದಕ್ಕೆ ಇವರು ನೆನಪು ಬರಿಸಿದ್ರು. ನಮ್ಮ ಹಲಸಿನ ಮರ ಎಲ್ಲಿ ಉಂಟು ಅಂತ ಆ ಆನೆಗೆ ನೆನಪು ಉಂಟಲ್ಲ, ಅದನ್ನು ಅಳಿಸುವ ಮೆಕ್ಯಾನಿಕ್ ಯಾರಾದ್ರೂ ಇದ್ರೆ ಹೇಳಿ."