ಊರಿನ ಯೋಜನೆ ಊರಿನವರೇ ಮಾಡಬೇಕಂತೆ

ಊರಿಗೆ ಏನು ಬೇಕು ಅಂತ ಊರಿನವರೇ ಕೂತು ತೀರ್ಮಾನ ಮಾಡಬೇಕು, ಅವರನ್ನು ಕೂರಿಸುವುದು ನನ್ನ ಕೆಲಸ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಅಂತ ನಾಲ್ಕು ತಾಲ್ಲೂಕು ಸುತ್ತುತ್ತೇನೆ. ಒಂದು ಕಡೆ ಕೂತರೆ ಇನ್ನೊಂದು ಕಡೆಯ ಚಿಂತೆ. ಇಷ್ಟು ಓಡಾಡಿದರೂ ಒಂದು ಸಭೆಯಾದರೂ ಅಂದುಕೊಂಡ ಹಾಗೆ ಮುಗಿದದ್ದಿಲ್ಲ. ಮುಗಿಯುವ ಲಕ್ಷಣವೂ ಇಲ್ಲ.

ಚರಂಡಿ

ಹೊನ್ನಾಳಿ ಕಡೆ ಒಂದು ಗ್ರಾಮಸಭೆ. "ಏನೇನು ಬೇಕು, ಧೈರ್ಯವಾಗಿ ಹೇಳ್ರಿ" ಅಂದೆ. ಮೇಷ್ಟ್ರು ಎದ್ದು, "ಮಕ್ಕಳು ಓದಾಕೆ ಒಂದು ಗ್ರಂಥಾಲಯ ಬೇಕು" ಅಂದರು.

ಬರೆದುಕೊಳ್ಳಬೇಕಾದ ಪಂಚಾಯ್ತಿ ಗುಮಾಸ್ತರು ಪೆನ್ನೇ ತೆಗೆಯಲಿಲ್ಲ. ಪಟ್ಟಿ ಆಗಲೇ ಟೈಪಾಗಿ ಅವರ ಕೈಯಲ್ಲಿತ್ತು. ಅದರ ಮೇಲೆ ಬೆರಳಾಡಿಸಿ, "ಗ್ರಂಥಾಲಯ ಇಲ್ರೀ ಸರ್, ಚರಂಡಿ ಐತೆ. ಅದರಾಗೆ ಸೇರಿಸ್ತೀನಿ" ಅಂದರು. ಒಬ್ಬಾಕೆ ಅಂಗನವಾಡಿಗೆ ಕಾಂಪೌಂಡು ಕೇಳಿದಳು. ಅದೂ ಚರಂಡಿಗೆ ಹೋಯಿತು. ಬಸ್ಸು ಕಾಯುವವರಿಗೆ ನೆರಳು ಬೇಕು ಅಂದವರದ್ದೂ ಅದೇ ಗತಿ. ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಕೊನೆಗೆ ಹಿಂದಿನಿಂದ ಒಬ್ಬ ಅಜ್ಜ ಎದ್ದ. "ಸ್ವಾಮಿ, ನಮ್ಮನೆ ಮುಂದೆ ಒಂದು ಚರಂಡಿ ಆಗ್ಬೇಕಿತ್ತು."

ಗುಮಾಸ್ತರು ಪಟ್ಟಿ ಮಡಚಿಬಿಟ್ಟರು. "ಈಗ ಬಂದ್ರೆ ಹೆಂಗಜ್ಜಾ? ಚರಂಡಿ ಎಲ್ಲಾ ತುಂಬ್ಯಾವೆ!"

ಕೈ ಎತ್ತಿದಾಕೆ

ಇದರಲ್ಲಿ ತಪ್ಪು ನನ್ನದೇ. ನ್ಯಾಮತಿ ಹತ್ತಿರ ಹೆಣ್ಣುಮಕ್ಕಳ ಸಂಘಕ್ಕೆ ಸಬಲೀಕರಣದ ಬಗ್ಗೆ ಹೇಳುತ್ತಿದ್ದೆ. "ನಿಮ್ಮ ದನಿ ನಾಲ್ಕು ಜನ ಕೇಳಬೇಕು, ಯಾರು ತಡೆದರೂ ಸುಮ್ಮನಾಗಬೇಡಿ" ಅಂತ ಆವೇಶದಿಂದ ಭಾಷಣ. ಮುಂದೆ ಕೂತಿದ್ದ ಅಕ್ಕ ಒಬ್ಬಳು ಕೈ ಎತ್ತಿದಳು. "ಒಂದ್ನಿಮಿಷ ಇರಕ್ಕ" ಅಂದೆ. ಮತ್ತೆ ಎತ್ತಿದಳು. ಮತ್ತೆ ಕೂರಿಸಿದೆ. ನಾಲ್ಕನೇ ಸಲ ಕಣ್ಣು ಬಿಟ್ಟೆ.

ಭಾಷಣ ಮುಗಿಸಿ ಬೆವರು ಒರೆಸಿಕೊಂಡು, "ಈಗ ಹೇಳಕ್ಕ, ಹೆದರಬೇಡ" ಅಂದೆ.

"ಏನಿಲ್ರೀ ಮೇಡಮ್ಮೋರೆ, ನಿಮ್ಮ ಬಸ್ಸು ಹೋತು."

ನಕ್ಷೆ

ಜಗಳೂರು ಕಡೆ ಒಂದೂರಲ್ಲಿ ಜನರೇ ರಂಗೋಲಿ ಪುಡಿಯಿಂದ ನೆಲದ ಮೇಲೆ ಊರಿನ ನಕ್ಷೆ ಬರೆಯಬೇಕಿತ್ತು. ಹಿರಿಯರೆಲ್ಲ ಬಗ್ಗಿ ಗುಡಿ, ಡೈರಿ, ತಂತಮ್ಮ ಮನೆ ಬರೆದರು. ಕೂಲಿ ಮಾಡುವ ಮುದುಕಿಯೊಬ್ಬಳು ಸುತ್ತಲೂ ತಿರುಗಿ ನೋಡಿ, "ನಮ್ಮ ಕಾಲೋನಿ ಎಲ್ಲೈತ್ರೀ?" ಅಂದಳು.

"ಪುಡಿ ತೀರಿಹೋತಲ್ಲವ್ವ" ಅಂದರು ಹಿರಿಯರೊಬ್ಬರು.

ಮುದುಕಿ ಮನೆಗೆ ಹೋಗಿ ಮೊರದ ತುಂಬ ಒಲೆಯ ಬೂದಿ ತಂದಳು. ಒಂದೊಂದೇ ಮನೆ, ನೀರು ಬಾರದ ನಲ್ಲಿ, ಕಂಬವಿದ್ದೂ ದೀಪವಿಲ್ಲದ ತಿರುವು, ಎಲ್ಲ ಬರೆದಳು. ಬರೆಯುತ್ತ ಬರೆಯುತ್ತ ಅಂಗಳವೆಲ್ಲ ಕಾಲೋನಿಯಾಯಿತು. "ಏನವ್ವ, ನಮ್ಮೂರೇ ಕಾಣ್ತಿಲ್ಲವಲ್ಲ!" ಅಂದರು ಹಿರಿಯರು.

ಮುದುಕಿ ಕೈ ಕೊಡವಿಕೊಂಡಳು. "ಐತೆ ನೋಡ್ರಿ, ನಮ್ಮ ಕಾಲೋನಿ ಮೂಲ್ಯಾಗೆ."

ಕುರ್ಚಿ

ಚನ್ನಗಿರಿ ತಾಲ್ಲೂಕಿನ ಒಂದೂರಲ್ಲಿ ಮಹಿಳಾ ಗ್ರಾಮಸಭೆ. ಪಂಚಾಯ್ತಿ ಅಧ್ಯಕ್ಷೆಯ ಯಜಮಾನರು ಮೊದಲೇ ಬಂದು ಕುರ್ಚಿಯಲ್ಲಿ ಕೂತಿದ್ದರು. ಅಧ್ಯಕ್ಷೆ ಚಾಪೆಯ ತುದಿಯಲ್ಲಿದ್ದಳು.

"ಸರ್, ಇದು ಹೆಣ್ಣುಮಕ್ಕಳ ಸಭೆ" ಅಂದೆ.

"ನಡೀಲಿ ಮೇಡಂ, ಆಕೀದೆಲ್ಲ ನಾನೇ ನೋಡ್ಕಳೋದು" ಅಂದರು.

ಶಾಲೆಯಲ್ಲಿ ಹುಡುಗಿಯರಿಗೆ ಶೌಚಾಲಯವಿರಲಿಲ್ಲ. ದೊಡ್ಡವರಾದ ಹುಡುಗಿಯರು ಒಬ್ಬೊಬ್ಬರೇ ಶಾಲೆ ಬಿಡುತ್ತಿದ್ದರು. ಗಂಡಸಿನ ಎದುರು ಆ ಮಾತು ಎತ್ತುವವರು ಯಾರು? ಎಲ್ಲರೂ ಸೆರಗು ಎಳೆದುಕೊಳ್ಳುತ್ತ ಕೂತರು. ನಾನು ಗಡಿಯಾರ ನೋಡುತ್ತಿದ್ದೆ.

ಆಗ ಸಂಘದ ಹಿರಿಯಜ್ಜಿ ಅರಿಶಿನ ಕುಂಕುಮದ ತಟ್ಟೆ, ಒಂದು ದಂಡೆ ಹೂವು ಹಿಡಿದು ಎದ್ದಳು. ಸಾಲಾಗಿ ಎಲ್ಲರಿಗೂ ಕುಂಕುಮ ಇಟ್ಟು ಹೂ ಮುಡಿಸುತ್ತ ಕುರ್ಚಿಯ ಹತ್ತಿರ ಬಂದಳು. ಬಂದವಳು ಯಜಮಾನರ ಹಣೆಗೂ ಕುಂಕುಮ ಇಟ್ಟೇಬಿಟ್ಟಳು!

"ಏನಜ್ಜಿ ಇದು?"

"ಹೆಣ್ಮಕ್ಕಳ ಸಭೆಗೆ ಬಂದೋರನ್ನ ಬರೀ ಹಣೇಲಿ ಕಳಿಸಾಕೆ ಆಗ್ತದೇನವ್ವಾ?" ಅಂತ ಅಜ್ಜಿ ಹೂವು ಹಿಡಿದು ಅವರ ಬೋಳು ತಲೆಯ ಸುತ್ತ ಒಂದು ಸುತ್ತು ಬಂದಳು. "ಮುಡಿಸ್ಲಿ ಎಲ್ಲಿಗೆ? ಒಂದು ಕೂದಲಾದ್ರೂ ಬಿಟ್ಕಂಡು ಬರಬಾರದಾ!"

ಯಜಮಾನರು ಹಣೆ ಒರೆಸಿಕೊಳ್ಳುತ್ತ ಹೊರಗೆ ನಡೆದರು. ಹೆಂಗಸರು ನಕ್ಕು ನಕ್ಕು ಒಬ್ಬರ ಮೇಲೊಬ್ಬರು ಬಿದ್ದರು. ಅಧ್ಯಕ್ಷೆಯನ್ನು ಎಳೆದು ಕುರ್ಚಿಯಲ್ಲಿ ಕೂರಿಸಿದರು. ನಕ್ಕ ಮೇಲೆ ನಾಚಿಕೆ ಎಲ್ಲಿಯದು? ಒಬ್ಬಳು ಶೌಚಾಲಯದ ಮಾತು ಎತ್ತಿದಳು, ಹತ್ತು ಜನ ದನಿಗೂಡಿಸಿದರು. ಮೊದಲ ಕೆಲಸ ಅದೇ ಅಂತ ಅಧ್ಯಕ್ಷೆ ತಾನೇ ಬರೆಸಿದಳು.

ಅಷ್ಟರಲ್ಲಿ ಕಿಟಕಿಯಲ್ಲಿ ಯಜಮಾನರ ಮುಖ. "ಏಯ್, ನನ್ನೊಂದು ಮಾತು ಕೇಳ್ದೆ ಹೆಂಗೆ ಬರೆಸ್ತಿ? ನಾನು ಹೇಳೋದು ಏನಪ್ಪಾ ಅಂದ್ರೆ..."

ಅಧ್ಯಕ್ಷೆ ತಿರುಗಿ ಕೂಡ ನೋಡಲಿಲ್ಲ.

"ಆ ಕಿಟಕಿ ಹಾಕ್ರವ್ವಾ, ಗಾಳಿ ಬಾಳ ಬರ್ತೈತೆ."